‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’: ಈ ಪಟ್ಟಿ ನಂಬಿ ಗೇಮಿಂಗ್ ಕಂಪ್ಯೂಟರ್ ಕೊಳ್ಳಬಹುದೇ?

“ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಪಿಸಿ! ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್. ಎಲ್ಲಾ ಗೇಮ್ ಓಡುತ್ತೆ. ಗೆಳೆಯರಿಗೂ ಕಳಿಸಿ.” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವು ಸಂದೇಶಗಳಲ್ಲಿ ಬಿಡಿಭಾಗಗಳ ಪೂರ್ತಿ ಪಟ್ಟಿಯೇ ಇರುತ್ತದೆ. ಅದನ್ನು ಅಂಗಡಿಯವರಿಗೆ ತೋರಿಸಿದರೆ ಸಾಕು ಎಂಬ ಭರವಸೆಯೂ ಇರುತ್ತದೆ.

ಚಿಕ್ಕ ಉತ್ತರ: ಈ ಪಟ್ಟಿಯನ್ನು ಮಾತ್ರ ನಂಬಿ ದುಡ್ಡು ಕೊಡಬೇಡಿ. ಪಟ್ಟಿಯಲ್ಲಿರುವ ಒಂದೊಂದು ಭಾಗವೂ ಚೆನ್ನಾಗಿಯೇ ಇರಬಹುದು. ಆದರೆ ಅವು ಒಂದಕ್ಕೊಂದು ಹೊಂದದಿದ್ದರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ, ಶುರುವಾದರೂ ಬಾಳಿಕೆ ಬರುವುದಿಲ್ಲ.

ಕಮಲಾಪುರದ ಒಂದು ಉದಾಹರಣೆ

ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ನಮ್ಮ ಕಾಕಾನ ಮಗನಿದ್ದಾನೆ, ಡಿಪ್ಲೊಮಾ ಓದುವ ಹುಡುಗ. ತೊಗರಿ ಮಾರಿ ಬಂದ ದುಡ್ಡಿನಲ್ಲಿ ಕಾಕಾ ಅವನಿಗೆ ಕಂಪ್ಯೂಟರ್ ಕೊಡಿಸಲು ಒಪ್ಪಿದ್ದರು. ಹುಡುಗ ಇಂಥದೇ ಒಂದು ಪಟ್ಟಿ ಹಿಡಿದು ಕಲಬುರಗಿಗೆ ಬಂದು ಬಿಡಿಭಾಗ ಕೊಂಡ. ದುಡ್ಡು ಸಾಲದ್ದಕ್ಕೆ ಗ್ರಾಫಿಕ್ಸ್ ಕಾರ್ಡ್ ಮಾತ್ರ ಆಮೇಲೆ ತರೋಣ ಎಂದುಕೊಂಡ. ರಾತ್ರಿ ನನಗೆ ಫೋನ್ ಬಂತು: “ಅಕ್ಕಾ, ಫ್ಯಾನ್ ತಿರಗ್ಲಿಕತ್ತದ, ಲೈಟ್ ಹತ್ಯಾವ, ಆದ್ರ ಡಿಸ್‌ಪ್ಲೇ ಬರವಲ್ದು.”

ಬೋರ್ಡ್ ಕೆಟ್ಟಿದೆ ಎಂದುಕೊಂಡು ಅವನು ಎರಡು ಸಲ ಬಸ್ಸಿನಲ್ಲಿ ಕಲಬುರಗಿಗೆ ಬಂದು ಹೋದ. ಕಡೆಗೆ ಒಬ್ಬ ಮೆಕ್ಯಾನಿಕ್ ತಮ್ಮಲ್ಲಿದ್ದ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿ ನೋಡಿದರು. ಕೂಡಲೇ ಡಿಸ್‌ಪ್ಲೇ ಬಂತು. ಯಾವ ಭಾಗವೂ ಕೆಟ್ಟಿರಲಿಲ್ಲ. ಅವನು ಕೊಂಡಿದ್ದು ಇಂಟೆಲ್ ಐ3 12100ಎಫ್. ಕೊನೆಯ ‘ಎಫ್’ ಅಕ್ಷರದ ಅರ್ಥ, ಈ ಪ್ರೊಸೆಸರ್‌ನೊಳಗೆ ಗ್ರಾಫಿಕ್ಸ್ ಇಲ್ಲ ಎಂದು. ಬೇರೆ ಕಾರ್ಡ್ ಹಾಕದ ಹೊರತು ಪರದೆಯ ಮೇಲೆ ಏನೂ ಮೂಡುವುದಿಲ್ಲ. ಡಬ್ಬಿ ಒಡೆದ ಪ್ರೊಸೆಸರನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕಾರ್ಡಿಗೆ ದುಡ್ಡು ಕೂಡುವವರೆಗೆ, ಎರಡು ತಿಂಗಳು, ಕಂಪ್ಯೂಟರ್ ಸುಮ್ಮನೆ ಕೂತಿತ್ತು.

ಒಂದು ಅಕ್ಷರ ತಿಳಿಯದೆ ಹೋದದ್ದಕ್ಕೆ ಇಷ್ಟೆಲ್ಲ ಆಯಿತು. ಇಂಥ ಫಾರ್ವರ್ಡ್‌ಗಳಲ್ಲಿ ಪದೇ ಪದೇ ಕಾಣುವ ಮಾತುಗಳನ್ನು ಈಗ ಒಂದೊಂದಾಗಿ ನೋಡೋಣ.

ಹೇಳಿಕೆ 1: ಐ7 ಇದ್ದರೆ ಐ3ಗಿಂತ ವೇಗ

ನಿಜ: ಐ3, ಐ5, ಐ7 ಎಂಬುದು ಒಂದೇ ತಲೆಮಾರಿನ ಪ್ರೊಸೆಸರ್‌ಗಳ ನಡುವಿನ ದರ್ಜೆ. ಬೇರೆ ಬೇರೆ ತಲೆಮಾರಿನವನ್ನು ಹೋಲಿಸಲು ಅದು ಕೆಲಸಕ್ಕೆ ಬಾರದು.

ಅಗ್ಗದ ಪಟ್ಟಿಗಳಲ್ಲಿರುವ ಐ7 ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ತಲೆಮಾರಿನದು. ಉದಾಹರಣೆಗೆ ಐ7 2600 ಬಂದದ್ದು 2011ರಲ್ಲಿ, ಐ3 12100ಎಫ್ ಬಂದದ್ದು 2022ರಲ್ಲಿ. ಎರಡರಲ್ಲೂ 4 ಕೋರ್, 8 ಥ್ರೆಡ್ ಇವೆ. ಆದರೂ ಹನ್ನೊಂದು ವರ್ಷಗಳ ಸುಧಾರಣೆಯಿಂದಾಗಿ ಹೊಸ ಐ3 ಬಹಳ ಮುಂದಿದೆ.

ಇನ್ನೂ ಒಂದು ತೊಂದರೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ವ್ಯಾಲರಂಟ್‌ನಂಥ ಆಟಗಳು ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದೇ ಇಲ್ಲ.

ಹೇಳಿಕೆ 2: ಯಾವ ಮದರ್‌ಬೋರ್ಡ್ ಆದರೂ ನಡೆಯುತ್ತದೆ

ನಿಜ: ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ಬೇರೆಯಾದರೆ ಪ್ರೊಸೆಸರ್ ಕೂರುವುದಿಲ್ಲ.

ಇಂಟೆಲ್‌ನ 12, 13, 14ನೇ ತಲೆಮಾರಿಗೆ ಎಲ್‌ಜಿಎ 1700 ಸಾಕೆಟ್. 10 ಮತ್ತು 11ನೇ ತಲೆಮಾರಿಗೆ ಎಲ್‌ಜಿಎ 1200. ಎಎಂಡಿಯ ರೈಜನ್ 5 5600ರಂಥವಕ್ಕೆ ಎಎಂ4. ರೈಜನ್ 7000 ಸರಣಿಗೆ ಎಎಂ5.

ಕೆಲವೊಮ್ಮೆ ಸಾಕೆಟ್ ಹೊಂದಿದರೂ ಸಾಲದು. ಇಂಟೆಲ್‌ನ 6, 7ನೇ ತಲೆಮಾರಿಗೂ 8, 9ನೇ ತಲೆಮಾರಿಗೂ ಸಾಕೆಟ್ ಹೆಸರು ಒಂದೇ, ಎಲ್‌ಜಿಎ 1151. ಆದರೆ 8ನೇ ತಲೆಮಾರಿನ ಪ್ರೊಸೆಸರ್ ಅದಕ್ಕೂ ಹಿಂದಿನ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ. ಹಾಗೆಯೇ ಅಂಗಡಿಯಲ್ಲಿ ಬಹಳ ದಿನ ಉಳಿದ ಬೋರ್ಡಿಗೆ ಅದರ ನಂತರ ಬಂದ ಪ್ರೊಸೆಸರ್ ಹಾಕುವ ಮುನ್ನ ಬಯೋಸ್ ಅಪ್‌ಡೇಟ್ ಮಾಡಬೇಕಾಗಬಹುದು. ಹಳೆಯ ಬಿ450 ಬೋರ್ಡಿಗೆ ರೈಜನ್ 5 5600, ಮೊದಲ ದಿನಗಳ ಎಚ್610 ಬೋರ್ಡಿಗೆ 14ನೇ ತಲೆಮಾರಿನ ಐ3 ಹಾಕುವಾಗ ಇದನ್ನು ಕೇಳಿಯೇ ಮುಂದುವರಿಯಿರಿ. ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಳ್ಳಿ. ಮನೆಗೆ ತಂದ ಮೇಲೆ ಅದನ್ನು ಮಾಡುವುದು ಕಷ್ಟ.

ಹೇಳಿಕೆ 3: ರ‍್ಯಾಮ್ ಎಷ್ಟು ಜಿಬಿ ಎಂಬುದಷ್ಟೇ ಮುಖ್ಯ

ನಿಜ: ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಬೋರ್ಡೇ ಹಾಳಾಗುತ್ತದೆ.

ಇಲ್ಲಿ ಎಡವುವವರು ಹೆಚ್ಚಾಗಿ ಎಲ್‌ಜಿಎ 1700 ಬೋರ್ಡ್ ಕೊಳ್ಳುವವರು. ಎಚ್610 ಎಂಬ ಒಂದೇ ಹೆಸರಿನಲ್ಲಿ ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಎಎಂ4ಗೆ ಡಿಡಿಆರ್4, ಎಎಂ5ಗೆ ಡಿಡಿಆರ್5 ಮಾತ್ರ. ಲ್ಯಾಪ್‌ಟಾಪಿನ ಚಿಕ್ಕ ರ‍್ಯಾಮ್ ಡೆಸ್ಕ್‌ಟಾಪಿಗೆ ಬರುವುದಿಲ್ಲ.

ರೈಜನ್ 5 5600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಳ್ಳುತ್ತಿದ್ದರೆ 16 ಜಿಬಿಯ ಒಂದು ರ‍್ಯಾಮ್ ಬದಲು 8 ಜಿಬಿಯ ಎರಡು ಹಾಕಿಸಿ. ಇಂಥ ಪ್ರೊಸೆಸರ್ ಚಿತ್ರ ಮೂಡಿಸಲೂ ಅದೇ ರ‍್ಯಾಮನ್ನು ಬಳಸುತ್ತದೆ. ಎರಡು ಇದ್ದಾಗ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ, ಆಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹೇಳಿಕೆ 4: 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಲ್ಲ ಗೇಮ್ ಓಡುತ್ತದೆ

ನಿಜ: ಜಿಬಿ ಎಂಬುದು ಕಾರ್ಡಿನ ಗೋದಾಮಿನ ಅಳತೆ. ಗೋದಾಮು ದೊಡ್ಡದಿದ್ದು ಬಾಗಿಲು ಕಿರಿದಾದರೆ ಸರಕು ಹೊರಬರುವುದು ನಿಧಾನ.

ಜಿಟಿ 730 ಕಾರ್ಡಿನಲ್ಲೂ 4 ಜಿಬಿ ಮಾದರಿ ಇದೆ, ಜಿಟಿಎಕ್ಸ್ 1650ರಲ್ಲೂ 4 ಜಿಬಿ ಇದೆ. ಡಿಡಿಆರ್3 ಹಾಕಿದ ಜಿಟಿ 730ರ ಮೆಮೊರಿಯಿಂದ ಸೆಕೆಂಡಿಗೆ 30 ಜಿಬಿಗಿಂತ ಕಡಿಮೆ ಮಾಹಿತಿ ಹರಿಯುತ್ತದೆ. ಜಿಟಿಎಕ್ಸ್ 1650ರಲ್ಲಿ ಅದು 128 ಜಿಬಿ. ಪಟ್ಟಿಯಲ್ಲಿ ಬರೀ ‘4 ಜಿಬಿ ಗ್ರಾಫಿಕ್ಸ್’ ಎಂದಿದ್ದು ಮಾದರಿಯ ಹೆಸರಿಲ್ಲದಿದ್ದರೆ ಅಲ್ಲಿಯೇ ಅನುಮಾನಪಡಿ.

ಹಳೆಯ ಅಗ್ಗದ ಕಾರ್ಡಿನ ಒಳಗಿನ ಸಾಫ್ಟ್‌ವೇರ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ನಕಲಿಗಳೂ ಇವೆ. ಜಿಪಿಯು-ಝಡ್ ಎಂಬ ಉಚಿತ ಆ್ಯಪ್ ಇಂಥ ಹಲವು ಕಾರ್ಡುಗಳನ್ನು ನಕಲಿ ಎಂದು ತೋರಿಸಿಕೊಡುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ದುಡ್ಡು ಕೊಡುವ ಮುನ್ನ ಅದನ್ನು ಓಡಿಸಿ ನೋಡಿ.

ಹೇಳಿಕೆ 5: ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ಸಾಕು

ನಿಜ: ಗೇಮಿಂಗ್ ಕಂಪ್ಯೂಟರಿನಲ್ಲಿ ದುಡ್ಡು ಉಳಿಸಬಾರದ ಭಾಗ ಇದೊಂದು.

ಲೆಕ್ಕ ಹಾಕಿ ನೋಡಿ. ಐ3 12100ಎಫ್ ಗರಿಷ್ಠ 89 ವ್ಯಾಟ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ 132 ವ್ಯಾಟ್ ಎಳೆಯುತ್ತವೆ. ಒಟ್ಟು 221. ಬೋರ್ಡ್, ರ‍್ಯಾಮ್, ಫ್ಯಾನ್‌ಗಳಿಗೆ ಇನ್ನೊಂದು 50 ಸೇರಿಸಿದರೆ ಸುಮಾರು 270 ವ್ಯಾಟ್. ಈ ಕಾರ್ಡಿಗೆ ಎಎಂಡಿ ಸೂಚಿಸುವ ಎಸ್‌ಎಂಪಿಎಸ್ ಕನಿಷ್ಠ 450 ವ್ಯಾಟ್‌ನದು. ‘850 ವ್ಯಾಟ್ ಬೇಕೇ ಬೇಕು’ ಎಂಬ ಮಾತೂ ಸುಳ್ಳೇ.

ಆದರೆ ಸ್ಟಿಕರ್ ಮೇಲೆ ದಪ್ಪಕ್ಷರದಲ್ಲಿ 450 ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಅದರ ಪಕ್ಕದ ಕೋಷ್ಟಕದಲ್ಲಿ 12 ವೋಲ್ಟ್ ಎಂಬ ಸಾಲು ಹುಡುಕಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಅಲ್ಲಿಂದಲೇ ವಿದ್ಯುತ್ ಪಡೆಯುತ್ತವೆ. ಅಲ್ಲಿ 15 ಆಂಪ್ ಎಂದಿದ್ದರೆ 12 × 15, ಅಂದರೆ 180 ವ್ಯಾಟ್ ಮಾತ್ರ. ಮೇಲಿನ ಕಂಪ್ಯೂಟರಿಗೆ ಅದು ಸಾಲದು. ಹೆಸರಿರುವ ಕಂಪನಿಯ, 80 ಪ್ಲಸ್ ಗುರುತಿರುವ 450ರಿಂದ 550 ವ್ಯಾಟ್‌ನದು ಸಾಕು.

ವೈರುಗಳನ್ನೂ ನೋಡಿಕೊಳ್ಳಿ. ನಮ್ಮ ಹುಡುಗ ಎರಡು ತಿಂಗಳ ನಂತರ ಕಾರ್ಡ್ ತಂದಾಗ ಅದಕ್ಕೆ 8 ಪಿನ್ ವೈರ್ ಬೇಕಿತ್ತು. ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್‌ನಲ್ಲಿ ಅದು ಇರಲಿಲ್ಲ. ‘ಕನ್ವರ್ಟರ್ ವೈರ್ ಹಾಕಿಬಿಡು’ ಎಂದು ಗೆಳೆಯರು ಹೇಳಿದ್ದರು. ಅಷ್ಟು ವಿದ್ಯುತ್ ಹೊರುವ ಶಕ್ತಿ ಇಲ್ಲದ ತೆಳು ವೈರಿಗೆ ಕನ್ವರ್ಟರ್ ಸಿಕ್ಕಿಸಿದರೆ ವೈರ್ ಕಾದು ಕರಗಬಹುದು, ಬೆಂಕಿಯೂ ಹತ್ತಬಹುದು. ಅವನು ಹೊಸ ಎಸ್‌ಎಂಪಿಎಸ್ ಕೊಂಡ.

ಹೇಳಿಕೆ 6: ಹಳೆಯ ಆಫೀಸ್ ಸಿಪಿಯುಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಗೇಮಿಂಗ್ ಪಿಸಿ ಸಿದ್ಧ

ನಿಜ: ಕೆಲವೊಮ್ಮೆ ಆಗುತ್ತದೆ, ಆದರೆ ಅಳತೆ ನೋಡಿ ಕೊಳ್ಳಬೇಕು. ಆಫೀಸುಗಳಿಂದ ಬರುವ ತೆಳು ಕ್ಯಾಬಿನೆಟ್‌ನಲ್ಲಿ ಪೂರ್ಣ ಎತ್ತರದ ಕಾರ್ಡ್ ಕೂರುವುದಿಲ್ಲ. ಲೋ ಪ್ರೊಫೈಲ್ ಎಂಬ ಗಿಡ್ಡ ಕಾರ್ಡೇ ಬೇಕು. ಅಂಥ ಹಲವು ಕಂಪ್ಯೂಟರುಗಳ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಪಿನ್‌ಗಳು ಆ ಕಂಪನಿಗಷ್ಟೇ ಸೀಮಿತ. ಎಸ್‌ಎಂಪಿಎಸ್ ಬದಲಿಸೋಣ ಎಂದರೆ ಪೇಟೆಯಲ್ಲಿ ಸಿಗುವುದು ಹೊಂದುವುದಿಲ್ಲ. ದೊಡ್ಡ ಟವರ್ ಕ್ಯಾಬಿನೆಟ್, ಎಂಟನೇ ತಲೆಮಾರು ಅಥವಾ ಹೊಸ ಪ್ರೊಸೆಸರ್ ಇದ್ದರೆ ಯೋಚಿಸಬಹುದು. ಆಗಲೂ 75 ವ್ಯಾಟ್‌ನ, ಬೇರೆ ಪವರ್ ವೈರ್ ಬೇಡದ ಜಿಟಿಎಕ್ಸ್ 1650 ಮಾದರಿ ಸುರಕ್ಷಿತ ಆಯ್ಕೆ.

ಕಲಬುರಗಿಯ ಬಿಸಿಲಿಗೂ ಹೊಂದಬೇಕು

ಪಟ್ಟಿ ಬರೆದವರು ಎಲ್ಲಿ ಕೂತು ಬರೆದರೋ ತಿಳಿಯದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ಯಾನ್ ಹಾಕಿದ ಕೂಲರ್ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. 25 ಡಿಗ್ರಿಯ ಕೋಣೆಯಲ್ಲಿ 65 ಡಿಗ್ರಿಗೆ ನಿಲ್ಲುವ ಪ್ರೊಸೆಸರ್ 42 ಡಿಗ್ರಿಯ ಕೋಣೆಯಲ್ಲಿ ಹೆಚ್ಚುಕಡಿಮೆ 82ಕ್ಕೆ ಏರುತ್ತದೆ. ರೈಜನ್ 5 5600ರ ಮಿತಿ 90 ಡಿಗ್ರಿ. ಮಿತಿ ಮುಟ್ಟಿದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ‘ಬೇಸಿಗೆಯಲ್ಲಿ ಗೇಮ್ ತಡವರಿಸುತ್ತದೆ’ ಎನ್ನುವವರಲ್ಲಿ ಅನೇಕರ ಸಮಸ್ಯೆ ಇದೇ.

ಮುಂಭಾಗ ಪೂರ್ತಿ ಗಾಜಿನದಾದ, ಬಣ್ಣದ ಲೈಟಿನ ಕ್ಯಾಬಿನೆಟ್ ಬೇಡ. ಮುಂದೆ ಜಾಲರಿ ಇರುವುದನ್ನು ತೆಗೆದುಕೊಳ್ಳಿ. ಮುಂದೆ ಗಾಳಿ ಎಳೆಯುವ ಒಂದು, ಹಿಂದೆ ಬಿಸಿ ಹೊರಹಾಕುವ ಒಂದು ಫ್ಯಾನ್ ಇರಲಿ. ಶಹಾಬಾದ್ ಕಲ್ಲಿನ ನೆಲ ತಂಪೆಂದು ಕ್ಯಾಬಿನೆಟ್ಟನ್ನು ಕೆಳಗಿಟ್ಟರೆ ಗುಡಿಸುವ ಧೂಳೆಲ್ಲ ಒಳಗೆ ಹೋಗುತ್ತದೆ, ಮೇಜಿನ ಮೇಲಿಡಿ. ನೀರಿನ ಕೂಲರ್ ಕೋಣೆಯನ್ನು ತಂಪು ಮಾಡಲಿ, ಆದರೆ ಅದರ ಒದ್ದೆ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯಬಾರದು.

ಕರೆಂಟ್ ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇದ್ದರೆ ಒಳ್ಳೆಯದು. 600 ವಿಎ ಎಂದರೆ 600 ವ್ಯಾಟ್ ಅಲ್ಲ. ಸಾಮಾನ್ಯವಾಗಿ 360 ವ್ಯಾಟ್. ಆಟ ನಿಲ್ಲಿಸಿ ಕಂಪ್ಯೂಟರ್ ಆಫ್ ಮಾಡುವಷ್ಟು ಸಮಯ ಸಿಗುತ್ತದೆ, ಅಷ್ಟೇ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದೆಯೇ? ಬಹುತೇಕ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಎರಡು ಪಿನ್ ಅಡಾಪ್ಟರ್ ಹಾಕಬೇಡಿ, ಮೂರನೇ ಪಿನ್ ಮುರಿಯಬೇಡಿ. ಎಲೆಕ್ಟ್ರಿಷಿಯನ್ ಕರೆದು ತೋರಿಸಿ. ಇದು ಕಂಪ್ಯೂಟರಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ದುಡ್ಡು ಕೊಡುವ ಮುನ್ನ ಈ ಎಂಟು ಪ್ರಶ್ನೆ

1. ಪ್ರೊಸೆಸರ್ ಎಷ್ಟನೇ ತಲೆಮಾರಿನದು? ವಿಂಡೋಸ್ 11 ನಡೆಯುತ್ತದೆಯೇ?
2. ಪ್ರೊಸೆಸರ್ ಮತ್ತು ಬೋರ್ಡಿನ ಸಾಕೆಟ್ ಒಂದೇನಾ? ಬಯೋಸ್ ಅಪ್‌ಡೇಟ್ ಆಗಿದೆಯೇ?
3. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದೆಯೇ? ಇಲ್ಲದಿದ್ದರೆ ಕಾರ್ಡ್ ಇವತ್ತೇ ಕೊಳ್ಳುತ್ತಿದ್ದೀರಾ?
4. ಬೋರ್ಡ್ ಡಿಡಿಆರ್4ದೋ, ಡಿಡಿಆರ್5ದೋ? ರ‍್ಯಾಮ್ ಅದೇ ಥರದ್ದೇ?
5. ಬೋರ್ಡಿನ ಎಂ.2 ಜಾಗಕ್ಕೆ ಎನ್‌ವಿಎಂಇ ಎಸ್‌ಎಸ್‌ಡಿ ಬರುತ್ತದೋ, ಸಾಟಾ ಬರುತ್ತದೋ?
6. ಗ್ರಾಫಿಕ್ಸ್ ಕಾರ್ಡಿನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತದೆಯೇ?
7. ಎಸ್‌ಎಂಪಿಎಸ್‌ನ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್? ಕಾರ್ಡಿಗೆ ಬೇಕಾದ ಪಿನ್ ಇದೆಯೇ?
8. ಜೋಡಿಸಿ, ಅಂಗಡಿಯಲ್ಲೇ ಡಿಸ್‌ಪ್ಲೇ ತೋರಿಸುತ್ತಾರೆಯೇ?

ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿರಲಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಂಡರೆ ಮುಂದೆ ವಾರಂಟಿ ಕೇಳುವುದು ಕಷ್ಟ. ಮೋಸವಾಗಿದೆ ಎನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕೊನೆಯ ಮಾತು

ಐ7, 16 ಜಿಬಿ, 4 ಜಿಬಿ ಎಂಬ ಮೂರು ಅಂಕಿಗಳಿಂದ ಕಂಪ್ಯೂಟರ್ ಹೇಗಿದೆ ಎಂದು ಹೇಳಲಾಗದು. ಪೂರ್ತಿ ಮಾದರಿ ಹೆಸರಿಲ್ಲದ ಪಟ್ಟಿಯನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಲೇಬೇಕೆಂದರೆ ಮೇಲಿನ ಎಂಟು ಪ್ರಶ್ನೆಗಳನ್ನು ಕಳಿಸಿ. ಯಾರದೋ ಮನೆಯ ಒಂದು ವರ್ಷದ ತೊಗರಿ ದುಡ್ಡು ಉಳಿದೀತು.