ಹೊರನಾಡಿನ ದಾಳಿ ಮತ್ತು ಸಾರ್ವಜನಿಕ ಶೋಕ: ರಾಯದುರ್ಗ–ಮಡಕಶಿರಾ ಗಡಿಸೀಮೆಯ ಹಿನ್ನೆಲೆಯಲ್ಲಿ

ಸತ್ತವರೊಡನೆ ರಕ್ತಸಂಬಂಧವಾಗಲಿ ನೇರ ಪರಿಚಯವಾಗಲಿ ಇಲ್ಲದವರೂ ಆ ಸಾವನ್ನು ತಮ್ಮದೆಂದು ಬಗೆದು, ಹಲವರು ಕೂಡಿ ಬಹಿರಂಗವಾಗಿ ದುಃಖ ತೋಡಿಕೊಳ್ಳುವ ನಡವಳಿಕೆಗೆ ಸಾರ್ವಜನಿಕ ಶೋಕವೆಂದು ಹೆಸರು. ಭಯೋತ್ಪಾದಕ ದಾಳಿಯಲ್ಲಿ, ಅದರಲ್ಲೂ ಪರದೇಶದ ನೆಲದಲ್ಲಿ ಸಾವು ಸಂಭವಿಸಿದಾಗ ಈ ಶೋಕ ಒಂದು ವಿಶೇಷ ತೊಡಕನ್ನು ಎದುರಿಸುತ್ತದೆ. ಅಳಲು ಜನರಿದ್ದರೂ ಕಣ್ಣೆದುರು ದೇಹವಿರುವುದಿಲ್ಲ. ಆಂಧ್ರಪ್ರದೇಶದ ಕನ್ನಡ ಗಡಿಸೀಮೆಯಾದ ರಾಯದುರ್ಗ ಮತ್ತು ಮಡಕಶಿರಾಗಳ ಆಚರಣೆಗಳನ್ನು ಗಮನಿಸಿದರೆ ಈ ತೊಡಕು ಎಷ್ಟು ಆಳವಾದುದೆಂದು ಸ್ಪಷ್ಟವಾಗುತ್ತದೆ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಹೊಸದಾಗಿ ರಚನೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳ ನೆಂಟಸ್ತನ ಶಿರಾ, ಮಧುಗಿರಿ, ಪಾವಗಡಗಳವರೆಗೂ ಹಬ್ಬಿರುವುದರಿಂದ, ಸಾವಿನ ಸುದ್ದಿಗೆ ಇಲ್ಲಿ ರಾಜ್ಯದ ಗಡಿ ಅಡ್ಡಬರುವುದಿಲ್ಲ.

ಈ ಸೀಮೆಯ ಹಳ್ಳಿಗಳಲ್ಲಿ ಶವಸಂಸ್ಕಾರಕ್ಕೆ ಹೋಗುವುದನ್ನು ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಮುಖ ನೋಡುವುದು, ಒಂದು ಹಿಡಿ ಮಣ್ಣು ಹಾಕುವುದು, ಒಲೆ ಹೊತ್ತಿಸದ ಸಾವಿನ ಮನೆಗೆ ನೆರೆಯವರು ಅನ್ನ ಸಾರು ಕೊಂಡೊಯ್ಯುವುದು ಇವೆಲ್ಲ ಖುದ್ದಾಗಿ ಹೋಗಿ ಮಾಡಬೇಕಾದ ಕೆಲಸಗಳು. ಮಣ್ಣು ಮಾಡಿದ ಮೇಲೆ ಗುಂಡಿಯ ಬಳಿ ಹಾಲು ತುಪ್ಪ ಬಿಡುವ ಶಾಸ್ತ್ರ, ಆಮೇಲಿನ ತಿಥಿ, ಎಲ್ಲವೂ ದಿನದ ಲೆಕ್ಕಕ್ಕೆ ಕಟ್ಟುಬಿದ್ದಿವೆ. ದೇಹ ಬಾರದಿದ್ದರೆ ಈ ಲೆಕ್ಕವೇ ಶುರುವಾಗುವುದಿಲ್ಲ. ಮನೆಯವರು ಅಳುವುದಕ್ಕೂ ಆಗದೆ, ಆಸೆ ಬಿಡುವುದಕ್ಕೂ ಆಗದೆ ಕಾಯುತ್ತಾರೆ.

ದೂರದಲ್ಲಿ ಮಡಿದವರಿಗಾಗಿ ಊರೇ ದುಃಖಪಡುವ ರೂಢಿ ಈ ನೆಲಕ್ಕೆ ಹೊಸದಲ್ಲ. ಅಮರಾಪುರ ಮಂಡಲದ ಹೇಮಾವತಿ, ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿಯಾಗಿತ್ತು. ಕಾಳಗದಲ್ಲಿ ಮಡಿದವನ ಹೆಸರು, ಕಾರಣ, ಅವನ ಕುಟುಂಬಕ್ಕೆ ಕೊಟ್ಟ ದತ್ತಿಯ ವಿವರಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುವ ವೀರಗಲ್ಲಿನ ಪದ್ಧತಿ ನೊಳಂಬ ಮತ್ತು ಗಂಗರ ನಾಡುಗಳೆರಡರಲ್ಲೂ ಬೇರೂರಿತ್ತು. ಬೇಗೂರಿನ ಪ್ರಸಿದ್ಧ ವೀರಗಲ್ಲು ನೊಳಂಬ ಅಯ್ಯಪದೇವನ ನೆರವಿಗೆಂದು ಹೋಗಿ ಕಾದಿ ಮಡಿದ ನಾಗತ್ತರನದು. ನೆನಪು ಮತ್ತು ನೆರವು ಎರಡನ್ನೂ ಒಂದೇ ಕಲ್ಲಿನ ಮೇಲೆ ಬರೆಸಿದ ಈ ವಿವೇಕ ಇಂದಿನ ಸಂತಾಪ ಸಭೆಗಳಲ್ಲಿ ಅಪರೂಪ.

ಇನ್ನೂ ಹತ್ತಿರದ ಉದಾಹರಣೆ ಬಾಬಯ್ಯನ ಹಬ್ಬ, ಅಂದರೆ ಮೊಹರಂ. ಕ್ರಿ.ಶ. 680ರಲ್ಲಿ ಇಂದಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ತಮ್ಮ ಸಂಗಡಿಗರೊಂದಿಗೆ ಹತರಾದುದನ್ನು ನೆನೆಯುವ ಈ ಆಚರಣೆಯಲ್ಲಿ ಅನಂತಪುರ ಸೀಮೆಯ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಪಾಲ್ಗೊಳ್ಳುತ್ತಾರೆ. ಅನಂತಪುರ ಜಿಲ್ಲೆಯ ಗೂಗೂಡಿನ ಕುಳ್ಳಾಯಸ್ವಾಮಿ ಇದಕ್ಕೆ ಹೆಸರಾದ ನೆಲೆ. ಹಸ್ತದ ಆಕಾರದ ಲೋಹದ ಪಂಜಾಗಳನ್ನು ಬಣ್ಣದ ಬಟ್ಟೆ, ಹೂವುಗಳಿಂದ ಸಿಂಗರಿಸಿ ‘ಪೀರು’ ಎಂದು ಕೂರಿಸುತ್ತಾರೆ, ಹರಕೆ ಹೊತ್ತವರು ಸಕ್ಕರೆ ಓದಿಸುತ್ತಾರೆ, ಅಲಾಯಿ ಕುಣಿಯ ಕೆಂಡದ ಸುತ್ತ ಹೆಜ್ಜೆ ಹಾಕುತ್ತಾರೆ. ಕಂಡಿಲ್ಲದ ದೇಶದಲ್ಲಿ ಸತ್ತವರಿಗೆ ಕಣ್ಣಿಗೆ ಕಾಣುವ, ಕೈಯಲ್ಲಿ ಎತ್ತಿಕೊಳ್ಳಬಹುದಾದ ಒಂದು ರೂಪ ಕೊಟ್ಟದ್ದೇ ಈ ಶೋಕ ಶತಮಾನಗಳ ಕಾಲ ಬಾಳಲು ಮುಖ್ಯ ಕಾರಣವೆನ್ನಬೇಕು.

ಇತ್ತೀಚಿನ ಕಾಲದಲ್ಲಿ ಕನ್ನಡಿಗರನ್ನು ಬಹಳವಾಗಿ ಅಲುಗಿಸಿದ ಹೊರನಾಡಿನ ದಾಳಿ 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರದ್ದು. ಅಂದು ಬೆಳಿಗ್ಗೆ ಶ್ರೀಲಂಕಾದ ಕೊಲಂಬೊ, ನೆಗೊಂಬೊ ಮತ್ತು ಬಟ್ಟಿಕಲೋವಾಗಳ 3 ಚರ್ಚುಗಳಲ್ಲಿ, ಕೊಲಂಬೊದ 3 ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಭಾರತೀಯರು 11 ಮಂದಿ, ಹೆಚ್ಚಿನವರು ಕರ್ನಾಟಕದವರು. ಏಪ್ರಿಲ್ 18ರಂದು ದಕ್ಷಿಣ ಕರ್ನಾಟಕದ ಲೋಕಸಭಾ ಮತದಾನ ಮುಗಿದಿತ್ತು. ವಾರಗಟ್ಟಲೆ ಹಳ್ಳಿ ಹಳ್ಳಿ ಸುತ್ತಿ ಪ್ರಚಾರ ಮಾಡಿದ್ದ ಜನತಾದಳ (ಜಾತ್ಯತೀತ) ಪಕ್ಷದ ಕೆಲವು ಕಾರ್ಯಕರ್ತರು, ನೆಲಮಂಗಲ, ಬೆಂಗಳೂರು, ತುಮಕೂರು ಕಡೆಯವರು, ದಣಿವಾರಿಸಿಕೊಳ್ಳಲು ಲಂಕೆಗೆ ಹೋಗಿ ಶಾಂಗ್ರಿ-ಲಾ ಹೋಟೆಲಿನಲ್ಲಿ ಇಳಿದಿದ್ದರು. ಬಾಂಬು ಸಿಡಿದದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ.

ಹೆಸರುಗಳು ಒಂದೇ ಸಲಕ್ಕೆ ಹೊರಬರಲಿಲ್ಲ. ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಭಾರತದ ಹೈಕಮಿಷನ್ನಿನಿಂದ ಖಚಿತವಾದ ಹಾಗೆಲ್ಲ ಒಂದೆರಡು ಹೆಸರುಗಳನ್ನು ಟ್ವಿಟರ್‌ನಲ್ಲಿ ಪ್ರಕಟಿಸುತ್ತಿದ್ದರು, ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಸತ್ತವರು ತಮಗೆ ವೈಯಕ್ತಿಕವಾಗಿ ಗೊತ್ತಿದ್ದವರೆಂದು ಹೇಳಿ ಸಂತಾಪ ಸೂಚಿಸಿದರು. ಪರದೇಶದಲ್ಲಿ ಸತ್ತವರನ್ನು ಮನೆಗೆ ತರಬೇಕಾದರೆ ಗುರುತು ಪತ್ತೆ, ಮರಣ ಪ್ರಮಾಣಪತ್ರ, ದೇಹ ಕೆಡದಂತೆ ಮಾಡಿದ ದಾಖಲೆ, ರದ್ದುಪಡಿಸಿದ ಪಾಸ್‌ಪೋರ್ಟ್, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಇಷ್ಟೂ ಬೇಕಾಗುತ್ತವೆ. ಸ್ಫೋಟದಲ್ಲಿ ಸತ್ತವರ ವಿಷಯದಲ್ಲಿ ಗುರುತು ಹಿಡಿಯುವುದೇ ಕಠಿಣ. ಹೀಗಾಗಿ ನಾಡಿಗೆ ನಾಡೇ ಸಂತಾಪ ಹೇಳಿದ ಮೇಲೂ ಶವಪೆಟ್ಟಿಗೆಯ ದಾರಿ ಕಾಯುವ ಮನೆಯವರ ದುಃಖಕ್ಕೆ ನೆಲೆ ಸಿಕ್ಕಿರುವುದಿಲ್ಲ. ಇಂಥ ಹೊತ್ತಿನಲ್ಲಿ ಕಾಗದಪತ್ರಗಳಿಗೆ ಓಡಾಡಿ ದೇಹವನ್ನು ಊರಿಗೆ ತಲುಪಿಸುವವರ ಕೆಲಸವೇ ನಿಜವಾದ ಬೆಂಬಲ. ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು ಅದರ ಆಮೇಲಿನದು.

ಲಂಕೆಯಲ್ಲಿ ಏಪ್ರಿಲ್ 23 ರಾಷ್ಟ್ರೀಯ ಶೋಕದಿನವಾಯಿತು, ಬೆಳಿಗ್ಗೆ 8.30ಕ್ಕೆ ದೇಶವಿಡೀ 3 ನಿಮಿಷ ಮೌನ ಆಚರಿಸಿತು. ಮೌನಾಚರಣೆಯ ಈ ರೂಪ ಮೊದಲ ಮಹಾಯುದ್ಧದ ನೆನಪಿಗಾಗಿ 1919ರ ನವೆಂಬರ್ 11ರಂದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ರೂಢಿಗೆ ಬಂದುದು. ಭಾರತದಲ್ಲಿ ಗಾಂಧೀಜಿ ಹತರಾದ ಜನವರಿ 30ರಂದು ಬೆಳಿಗ್ಗೆ 11ಕ್ಕೆ 2 ನಿಮಿಷ ಪಾಲಿಸುತ್ತಾರೆ. ಆದರೆ ಶೋಕ ಕೋಪಕ್ಕೆ ತಿರುಗಲು ಹೆಚ್ಚು ಕಾಲ ಬೇಕಿಲ್ಲ. 2019ರ ಮೇ ತಿಂಗಳಲ್ಲೇ ಲಂಕೆಯ ವಾಯವ್ಯ ಭಾಗದಲ್ಲಿ ದಾಳಿಗೆ ಸಂಬಂಧವೇ ಇಲ್ಲದ ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ಗುಂಪುಗಳು ಎರಗಿದವು. ಒಂದು ಸಮುದಾಯದ ಹುತಾತ್ಮರಿಗೆ ಇನ್ನೊಂದು ಸಮುದಾಯದವರು ಪೀರು ಹೊರುವ ಸೀಮೆಯಿಂದ ನೋಡಿದಾಗ ಈ ಘಟನೆ ಇನ್ನಷ್ಟು ನೋವುಂಟುಮಾಡುತ್ತದೆ.

ಎಲ್ಲ ಸಾವುಗಳಿಗೂ ಸಮನಾದ ಶೋಕ ದಕ್ಕುವುದಿಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಬಾಂಬಿನಿಂದ ಐರ್ಲೆಂಡಿನ ಕರಾವಳಿಯಾಚೆ ಛಿದ್ರವಾಗಿ 329 ಜನ ಸತ್ತರು. ಅವರಲ್ಲಿ ಬಹುತೇಕರು ಭಾರತೀಯ ಮೂಲದ ಕೆನಡಾ ನಾಗರಿಕರಾಗಿದ್ದರೂ ಕೆನಡಾ ಅದನ್ನು ಬಹುಕಾಲ ಪರರ ದುರಂತದಂತೆ ಕಂಡಿತು. ಅಲ್ಲಿಯ ಸರ್ಕಾರ ಕುಟುಂಬಗಳ ಕ್ಷಮೆ ಕೇಳಿದ್ದು 2010ರಲ್ಲಿ. ಕಡಲಿನಿಂದ ಎತ್ತಲಾದ ದೇಹಗಳು 131 ಮಾತ್ರ. ಉಳಿದವರ ಮನೆಯವರಿಗೆ ಮಣ್ಣು ಕೊಡುವ ಭಾಗ್ಯವೂ ಇಲ್ಲ, ಬೂದಿ ಬಿಡುವ ಭಾಗ್ಯವೂ ಇಲ್ಲ. ಐರ್ಲೆಂಡಿನ ಅಹಕಿಸ್ತಾ ಎಂಬ ಕಡಲಂಚಿನ ಹಳ್ಳಿಯಲ್ಲಿ ನೆರಳುಗಡಿಯಾರದ ಸ್ಮಾರಕವೊಂದನ್ನು ನಿಲ್ಲಿಸಿ, ಸತ್ತವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಲಾಗಿದೆ. ಪ್ರತಿವರ್ಷ ಆ ದಿನ ಕುಟುಂಬಗಳು ಅಲ್ಲಿಗೆ ಬರುತ್ತವೆ. ಸತ್ತವರ ಮುಖವನ್ನೇ ಕಂಡಿರದ ಆ ಹಳ್ಳಿಯ ಜನ ಅವರ ಪಕ್ಕದಲ್ಲಿ, ಕಡಲಿಗೆ ಮುಖಮಾಡಿ ನಿಲ್ಲುತ್ತಾರೆ.