ಡಿಗಾಕ್ಸಿನ್
ಹೃದಯ ವೈಫಲ್ಯಕ್ಕೂ ಏಟ್ರಿಯಲ್ ಫಿಬ್ರಿಲೇಶನ್ ಎಂಬ ಲಯದೋಷಕ್ಕೂ ಕೊಡುವ ಔಷಧ. ಡಿಜಿಟಾಲಿಸ್ ಗಿಡದ ಎಲೆಯಿಂದ ದೊರೆಯುತ್ತದೆ. ಆ ಎಲೆಯ ಗುಣವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ವಿವರಿಸಿದರು. ಹೃದಯದ ಸಂಕೋಚನಕ್ಕೆ ಬಲ ತುಂಬಿ ಬಡಿತವನ್ನು ನಿಧಾನಗೊಳಿಸುತ್ತದೆ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಆದ್ದರಿಂದ ನರ್ಸ್ ಮಾತ್ರೆ ಕೊಡುವ ಮೊದಲು ಎದೆಗೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಲೇಬೇಕು. ಏಕೆಂದರೆ ಲಯ ತಪ್ಪಿದ ಹೃದಯದ ಎಲ್ಲ ಬಡಿತಗಳೂ ಮಣಿಕಟ್ಟಿನ ನಾಡಿಗೆ ಮುಟ್ಟುವುದಿಲ್ಲ. ವಯಸ್ಕರಲ್ಲಿ ಬಡಿತ ನಿಮಿಷಕ್ಕೆ 60ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಮಾತ್ರೆ ತಡೆಹಿಡಿದು ವೈದ್ಯರಿಗೆ ತಿಳಿಸುತ್ತಾರೆ. ಹಸಿವು ಸತ್ತುಹೋಗುವುದು, ವಾಕರಿಕೆ, ಕಂಡದ್ದೆಲ್ಲ ಹಳದಿಯಾಗಿ ತೋರುವುದು ವಿಷತ್ವದ ಸೂಚನೆಗಳು. ವೃದ್ಧರ ಇಂಥ ದೂರುಗಳನ್ನು ವಯಸ್ಸಿನ ಮೇಲೆ ಹಾಕಿ ಬಿಡಬಾರದು. ಫ್ಯೂರೋಸೆಮೈಡ್‌ನಂಥ ಮೂತ್ರವರ್ಧಕದಿಂದ ಪೊಟ್ಯಾಸಿಯಂ ಇಳಿದಾಗ, ಮೂತ್ರಪಿಂಡ ದುರ್ಬಲವಾದಾಗ ಅಪಾಯ ಹೆಚ್ಚು.