ನರಿಗೆ ಔತಣ

ನಾನು ಏಳೆಂಟು ವರುಷದ ಹುಡುಗನಾಗಿದ್ದಾಗ ಮಲೆನಾಡಿನ ನಮ್ಮ ಮನೆಯ ಅಂಗಳಕ್ಕೆ ಹಾಡಹಗಲೇ ನರಿಯೊಂದು ಬಂದಿತ್ತು. ಹಗಲು ಬಂದ ನರಿ ಒಳ್ಳೆಯದಲ್ಲವೆಂದು ಅಜ್ಜಿ ಕೂಗುವುದರೊಳಗೆ ನಮ್ಮ ನಾಯಿ ಕರಿಯ ಅದರ ಮೇಲೆ ಬಿದ್ದು ಓಡಿಸಿಬಿಟ್ಟಿತು. ಮೂಗಿನ ಮೇಲೊಂದು ಸಣ್ಣ ಗಾಯ. ಅಜ್ಜಿ ಅರಿಸಿನ ಹಚ್ಚಿದರು. ಆ ದಿನ ಕರಿಯನೇ ಮನೆಯ ವೀರ. ತಿಂಗಳು ತುಂಬುವ ಮೊದಲೇ ಅದು ಅನ್ನ ಬಿಟ್ಟಿತು, ಮೂಲೆ ಹಿಡಿಯಿತು, ಜೊಲ್ಲು ಸುರಿಸುತ್ತ ಸತ್ತಿತು. ಅದನ್ನು ಮುದ್ದಿಸಿದ್ದ ನನಗೂ ತಂಗಿಗೂ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಚುಚ್ಚುಮದ್ದು.

ಆ ಮದ್ದಿನ ಕಥೆಯೂ ಕಾಡುಮೃಗದಿಂದಲೇ ಮೊದಲಾಗುತ್ತದೆಂದು ನಾನು ತಿಳಿದದ್ದು ಬಹಳ ತಡವಾಗಿ. 1831ರಲ್ಲಿ ಫ್ರಾನ್ಸಿನ ಆರ್ಬುವಾ ಸೀಮೆಯಲ್ಲಿ ಹುಚ್ಚು ತೋಳವೊಂದು ಹಲವರನ್ನು ಕಚ್ಚಿತು. ಕಮ್ಮಾರನ ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣದಿಂದ ಗಾಯವನ್ನು ಸುಡುವುದೇ ಆಗಿನ ಚಿಕಿತ್ಸೆ. ಆಗ ಆ ಊರಿನಲ್ಲಿದ್ದ ಎಂಟು ವರುಷದ ಬಾಲಕ ಲೂಯಿ ಪಾಸ್ತರ್. 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಪಾಸ್ತರನ ಲಸಿಕೆ ಕೊಟ್ಟದ್ದನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮುಂಚೆ ಆ ಲಸಿಕೆ ಕಾಪಾಡಿದ್ದು ನಾಯಿಗಳನ್ನು ಎಂಬುದನ್ನು ನಾವು ಮರೆಯುತ್ತೇವೆ. ದಕ್ಷಿಣ ಭಾರತಕ್ಕೆಂದು 1907ರಲ್ಲಿ ಕೂನೂರಿನಲ್ಲಿ ಪಾಸ್ತರ್ ಸಂಸ್ಥೆ ತೆರೆಯಿತು.

ಮನುಷ್ಯನಿಗೆ ಮದ್ದು ಸಿಕ್ಕಿತು, ಮನೆಯ ನಾಯಿಗೂ ಸಿಕ್ಕಿತು. ಕಾಡಿನ ಮೃಗವನ್ನು ಹಿಡಿದು ಚುಚ್ಚುವವರು ಯಾರು? ಎರಡನೆಯ ಮಹಾಯುದ್ಧದ ಬಳಿಕ ಯುರೋಪಿನ ನರಿಗಳಲ್ಲಿ ಈ ರೋಗ ಪೂರ್ವದಿಂದ ಪಶ್ಚಿಮಕ್ಕೆ ಹಬ್ಬುತ್ತ 1967ರಲ್ಲಿ ಸ್ವಿಟ್ಜರ್ಲೆಂಡನ್ನು ಮುಟ್ಟಿತು. ನರಿಗಳನ್ನು ಗುಂಡಿಟ್ಟು ಕೊಂದರು, ಬಿಲಗಳಿಗೆ ವಿಷದ ಹೊಗೆ ಬಿಟ್ಟರು. ಸತ್ತ ನರಿಯ ಜಾಗಕ್ಕೆ ಇನ್ನೊಂದು ನರಿ ಬಂತು, ರೋಗ ನಿಲ್ಲಲಿಲ್ಲ.

ಆಗ ವಿಜ್ಞಾನಿಗಳು ಬಂದೂಕನ್ನು ಬದಿಗಿಟ್ಟು ಔತಣಕ್ಕೆ ತೊಡಗಿದರು. 1978ರ ಅಕ್ಟೋಬರಿನಲ್ಲಿ ರೋನ್ ನದಿಯ ಕಣಿವೆಯಲ್ಲಿ ಕೋಳಿಯ ತಲೆಗಳನ್ನು ಅಲ್ಲಲ್ಲಿ ಇಟ್ಟು ಬಂದರು. ಒಂದೊಂದರಲ್ಲೂ ದ್ರವರೂಪದ ಲಸಿಕೆಯ ಪುಟ್ಟ ಪೊಟ್ಟಣ. ನರಿ ಕಚ್ಚಿದೊಡನೆ ಪೊಟ್ಟಣ ಒಡೆದು ಲಸಿಕೆ ಬಾಯೊಳಗಿನ ಪೊರೆಗೆ ತಗಲುತ್ತಿತ್ತು. ಕಣಿವೆಗೆ ಅಡ್ಡಲಾಗಿ ಲಸಿಕೆ ಉಂಡ ನರಿಗಳದೇ ಒಂದು ಕೋಟೆ ಎದ್ದಿತು. ರೋಗ ಅದನ್ನು ದಾಟಲಿಲ್ಲ. ಈ ಕ್ರಮ ನೆರೆನಾಡುಗಳಿಗೂ ಹಬ್ಬಿತು. 1999ರಲ್ಲಿ ಸ್ವಿಟ್ಜರ್ಲೆಂಡ್ ಹುಚ್ಚುರೋಗದಿಂದ ಮುಕ್ತವಾಯಿತು. ಕೊಲ್ಲುವುದರಿಂದ ಆಗದ ಕೆಲಸ ಉಣಿಸುವುದರಿಂದ ಆಯಿತು.

ನಮ್ಮಲ್ಲಿ ಮನುಷ್ಯರಿಗೆ ಈ ರೋಗ ತಗಲುವುದು ಬಹುಮಟ್ಟಿಗೆ ನಾಯಿಯಿಂದಲೇ. ಆದರೆ ನರಿ, ಮುಂಗುಸಿಗಳಿಂದ ಅದು ನಾಯಿಗೂ ಬೆಕ್ಕಿಗೂ ಬರಬಹುದು. ಈಗ ನಾನಿರುವುದು ನಗರದಲ್ಲಿ. ಮೊನ್ನೆ ನಮ್ಮ ಕಾಂಪೌಂಡಿನ ಮೋರಿಯಿಂದ ಮುಂಗುಸಿಯೊಂದು ಇಣುಕಿದಾಗ ಮೊಮ್ಮಗಳು ಚಪ್ಪಾಳೆ ತಟ್ಟಿದಳು, ಮನೆಯ ನಾಯಿ ಅದರತ್ತ ಓಡಿತು. ನನ್ನ ಎದೆ ಒಮ್ಮೆ ನಡುಗಿತು. “ಹೊರಗೇ ಹೋಗದ ನಾಯಿಗೆ ಸೂಜಿ ಏಕೆ, ಅಪ್ಪಾ?” ಎಂದು ಮಗ ಈ ಸಲದ ಲಸಿಕೆಯನ್ನು ಮುಂದೂಡಿದ್ದ. ಕರಿಯನೂ ಅಂಗಳ ಬಿಟ್ಟು ಹೋಗಿರಲಿಲ್ಲವೆಂದು ಹೇಳಿದೆ. ಮಗ ಮಾತಾಡದೆ ಸರಪಳಿ ಕೈಗೆತ್ತಿಕೊಂಡ.

ಕಾಡಿನ ನರಿಗೆಲ್ಲ ಔತಣ ಹಾಕುವ ಶಕ್ತಿ ನನಗಿಲ್ಲ. ಮನೆಯ ನಾಯಿಯನ್ನು ಪಶುವೈದ್ಯರ ಬಳಿಗೆ ಕಳಿಸುವಷ್ಟು ಇದೆ.